ಹತ್ತನೇ ನಂಬರಿಗೆ ಕಾವಲು

ಶನಿವಾರ ಸಂಜೆ ಮಾಂಸದ ಕಾರ್ಖಾನೆಯ ಸೈರನ್ ನಿಂತ ಮೇಲೆ
ಚರ್ಮಕ್ಕೆ ಉಪ್ಪು ಸವರುವ ಶೆಡ್ಡಿನಲ್ಲಿ
ದೋನ್ ಕಸಿಯಾನೋ ನೆಲಕ್ಕೆ ಒಂದು ಬೊಗಸೆ ಉಪ್ಪು ಚೆಲ್ಲಿ
ಬೆರಳಲ್ಲಿ ಗೆರೆ ಎಳೆದ.
ಇದು ಮೈದಾನ. ಇದು ನದಿಯ ಕಡೆಯ ಗೋಲು, ನಮ್ಮದು.
ಅಂಗಿಯಿಂದ ಕಿತ್ತ ಗುಂಡಿಯೊಂದನ್ನು ನಡುವೆ ಇಟ್ಟ:
ಇವನು ಓರೋಸ್ಮಾನ್.

ಪಾಯ್ಸಾಂದೂವಿನ ಹತ್ತನೇ ನಂಬರು.
ಓಡಿದ್ದನ್ನು ಯಾರೂ ಕಂಡಿರಲಿಲ್ಲ.
ಮದುವೆಮನೆಯ ಹಿರಿಯನ ಹಾಗೆ ನಡುವೆ ನಿಂತು
ನೀನಲ್ಲಿ ಕೂರು, ನೀನಿತ್ತ ಬಾ ಎಂದು
ಚೆಂಡಿನಲ್ಲೇ ಕರೆದು, ಚೆಂಡಿನಲ್ಲೇ ಬಡಿಸಿ
ಎದುರಾಳಿಯನ್ನು ಹಸಿದ ಹೊಟ್ಟೆಯಲ್ಲಿ ಕಳಿಸುವವನು.

ನೆರಳಾಗಬೇಡ ಎಲ್ಬಿಯೋ, ಎಂದ ದೋನ್.
ನೆರಳು ಯಾವಾಗಲೂ ಹಿಂದೆ ಉಳಿಯುತ್ತದೆ.
ಚೆಂಡು ಅವನತ್ತ ಬರುವ ದಾರಿಯಲ್ಲಿ
ಮೊದಲೇ ಹೋಗಿ ಬಾಗಿಲಾಗಿ ನಿಲ್ಲು.
ಕಾಲು ನೋಡಬೇಡ, ಕಾಲು ಸುಳ್ಳು ಹೇಳುತ್ತದೆ,
ಸೊಂಟ ನೋಡು.
ಸಿಕ್ಕರೂ ತಿರುಗಲು ಬಿಡಬೇಡ, ಬೆನ್ನು ನಮ್ಮ ಗೋಲಿಗಿರಲಿ;
ಹಿಂದಕ್ಕೆ ಎಷ್ಟು ಬೇಕಾದರೂ ದಾನ ಮಾಡಲಿ.
ಬಲಗಾಲಿಗೆ ತಳ್ಳು, ಅದು ಬರೀ ನಡೆಯಲಿಕ್ಕೆ ಇರುವ ಕಾಲು.
ಒದೆಯಬೇಡ ಮಾರಾಯ,
ಫ್ರೀಕಿಕ್ ಎಂದರೆ ಅವನಿಗೆ ಹಬ್ಬದೂಟ.

ಅವನಿಗೆ ಚೆಂಡು ತಲುಪಿಸುವ ಆ ಬೋಳುತಲೆಯವನು,
ಐದನೇ ನಂಬರು, ಬೇಕರಿಯವನು, ಎಂದೆ ನಾನು.
ಅವನಾ? ದೋನ್ ನಕ್ಕ.
ಅವನಿಗೆ ಗೋಲು ಯಾವ ದಿಕ್ಕಿಗಿದೆ ಅಂತಲೂ ಗೊತ್ತಿಲ್ಲ.

ಕಾರ್ಖಾನೆಯಲ್ಲಿ ನನ್ನದು ಎಣಿಸುವ ಕೆಲಸ:
ಕೊಕ್ಕೆಗೆ ನೇತು ಸಾಗುವ ದನದ ಅರ್ಧಗಳು.
ಭಾನುವಾರವೂ ಎಣಿಸಿದೆ.
ಮೊದಲರ್ಧದಲ್ಲಿ ಅವನಿಗೆ ಚೆಂಡು ಹನ್ನೊಂದು ಸಲ,
ಒಂಬತ್ತು ಹಿಂದಕ್ಕೆ, ಒಂದು ಹೊರಕ್ಕೆ,
ಇನ್ನೊಂದು ನನ್ನ ಮೊಣಕಾಲಿಗೆ.
ಅವನು ನೀರು ಕುಡಿಯಲು ಗೆರೆಯ ತನಕ ಹೋದ, ನಾನೂ ಹೋದೆ.
ಲೇಸು ಕಟ್ಟಲು ಕೂತ, ನಾನೂ ಕುಕ್ಕರಗಾಲಲ್ಲಿ ಕೂತೆ.
ಜನ ನಕ್ಕರು.
ಅವನ ಎಡಕಿವಿಯ ಹಿಂದೆ ಒಂದು ಸುಟ್ಟ ಕಲೆ,
ಉಸಿರಲ್ಲಿ ಮಾತೆ ಎಲೆಯ ಕಹಿ, ಅಂಗಿಯಲ್ಲಿ ಕರ್ಪೂರ.
ನನ್ನ ಹೆಂಡತಿಯ ಬೆನ್ನನ್ನೂ ನಾನು
ಅಷ್ಟು ಹೊತ್ತು ನೋಡಿದವನಲ್ಲ.

ನಿನಗೆ ಮದುವೆಯಾಗಿದೆಯಾ? ಕೇಳಿದ ಅವನು, ತಿರುಗದೆ.
ಆಗಿದೆ.
ಪಾಪ, ಎಂದ.

ಎಪ್ಪತ್ತನೇ ನಿಮಿಷವಿರಬೇಕು.
ಚೆಂಡು ಎಲ್ಲೋ ಇತ್ತು, ಅವನು ಅತ್ತ ನೋಡಲಿಲ್ಲ.
ಕೈ ಸೊಂಟಕ್ಕಿಟ್ಟು, ಸಂತೆ ಮುಗಿಸಿದವನಂತೆ
ನಿಧಾನಕ್ಕೆ ನಡೆದ, ಮೂಲೆಯ ಬಾವುಟದವರೆಗೆ,
ಬೇಲಿಯಾಚೆಯ ನೀಲಗಿರಿ ಮರಗಳತ್ತ ಮುಖಮಾಡಿ ನಿಂತ.
ನಾನೂ ನಿಂತೆ. ಮಾತು ಕೊಟ್ಟಿದ್ದೆನಲ್ಲ.
ಇಲ್ಲಿ ಬಿಸಿಲು ಕಮ್ಮಿ, ಎಂದ.
ಹೌದು, ಎಂದೆ.

ಆಗ ಬೆನ್ನ ಹಿಂದೆ ಮೈದಾನ ಉಸಿರೆಳೆದುಕೊಂಡಿತು.
ನಾನು ಬಿಟ್ಟು ಬಂದ ಜಾಗ,
ಎತ್ತಿನ ಗಾಡಿ ತಿರುಗಿಸುವಷ್ಟು ಜಾಗ,
ಅದರೊಳಗೆ ಯಾರೋ ನಡೆದು ಬರುತ್ತಿದ್ದರು,
ಹಿಟ್ಟಿನ ಮೂಟೆ ಹೊತ್ತವನ ಭಾರದ ಹೆಜ್ಜೆ,
ಅಡ್ಡಬರುವವರು ಒಬ್ಬರೂ ಇಲ್ಲ.
ಆಮೇಲೆ ಬಲೆಯ ಸದ್ದು, ಅದರ ಮೇಲೆ ಊರಿನ ಸದ್ದು.

ಆ ಗೋಲನ್ನು ನಾವಿಬ್ಬರೂ ನೋಡಲಿಲ್ಲ.
ಯಾರು? ಕೇಳಿದ ಓರೋಸ್ಮಾನ್.
ಬೇಕರಿಯವನಿರಬೇಕು, ಎಂದೆ.
ಅವನು ತಲೆಯಾಡಿಸಿ, ಬಾ, ಎಂದ,
ಹೋಗೋಣ.
ನಾವು ಜೊತೆಯಾಗಿ ವಾಪಸು ನಡೆದೆವು.

ಸೋಮವಾರ ದೋನ್ ಶೆಡ್ಡಿನ ಉಪ್ಪು ಗುಡಿಸುತ್ತಿದ್ದ.
ಕಡೆಯವರೆಗೂ ನೀನು ಅವನನ್ನು ಬಿಡಲಿಲ್ಲ, ಎಂದ.
ಬೈದನೋ ಹೊಗಳಿದನೋ, ಇವತ್ತಿಗೂ ಗೊತ್ತಿಲ್ಲ.
ಗುಂಡಿ ಹುಡುಕಿ ಕೊಟ್ಟೆ.
ಹೊಲಿಯಲು ದಾರ ಇರಲಿಲ್ಲ.