ಬಾಗಿಲ ಮೇಲೆ ಮೂರು ಆನೆ

ಆಗಸ್ಟಿನಲ್ಲಿ ಲಾಬೆ ನದಿ
ದಫ್ತರಖಾನೆಯ ನೆಲಮಾಳಿಗೆಗೆ ಇಳಿಯಿತು,
ಯಾರ ಅಪ್ಪಣೆಯೂ ಕೇಳದೆ.
ಮೂರು ದಿನ ಇದ್ದು ಹೊರಟಾಗ
ಇನ್ನೂರು ವರ್ಷದ ಹುಟ್ಟು, ಮದುವೆ, ಸಾವು
ಹಾಲಲ್ಲಿ ನೆನೆದ ಬ್ರೆಡ್ಡಿನ ಹಾಗೆ ಉಬ್ಬಿ ಕೂತಿದ್ದವು.

ಬಿಸಿಲಿಗಿಟ್ಟರೆ ಶಾಯಿ ಹರಿಯುತ್ತದೆ, ಹಾಗೇ ಬಿಟ್ಟರೆ ಬೂಸ್ಟು.
ಅದಕ್ಕೇ ಊರಾಚೆಯ ಶೀತಲ ಗೋದಾಮಿನಲ್ಲಿ
ಹಸಿರು ಬಟಾಣಿ ಚೀಲಗಳ ಪಕ್ಕ
ಇಡೀ ಊರಿನ ವಂಶಾವಳಿ ಕಲ್ಲಾಯಿತು,
ಮೈನಸ್ ಇಪ್ಪತ್ತರಲ್ಲಿ.

ಆಮೇಲೆ ಬಂದವನು ಹಿನೆಕ್.
ಟೀವಿ ಕೊಳವೆಗಳ ಕಾರ್ಖಾನೆ ಮುಚ್ಚಿದ ಮೇಲೆ
ಕಾಫಿ ಒಣಗಿಸುವ ಯಂತ್ರ ನೋಡಿಕೊಂಡಿದ್ದವ.
ಮೂವತ್ತು ವರ್ಷ ನಾನು ಮಾಡಿದ್ದು ಒಂದೇ ಕೆಲಸ, ಅಂದ:
ಇರುವುದನ್ನು ಹೊರಗೆ ಹಾಕುವುದು.

ಅವನ ಸಹಾಯಕ್ಕೆ ಕಳಿಸಿದ ಗುಮಾಸ್ತೆ ನಾನು, ವ್ಲಾಸ್ತಾ.
ನಿರ್ವಾತ ಎಳೆಯುತ್ತದೆ ಎಂದೇ ತಿಳಿದಿದ್ದೆ.
"ಇಲ್ಲದ್ದು ಏನನ್ನು ಎಳೆದೀತು, ಹುಡುಗಿ?
ಎಳೆಯಲು ಕೈ ಬೇಕು. ತಳ್ಳುವುದು ಹೊರಗಿನ ಗಾಳಿ."
ಪಂಪು ಓಡಿತು. ಉಕ್ಕಿನ ಬಾಗಿಲ ಅಗುಳಿ ತೆಗೆದುಬಿಟ್ಟ.
"ಈಗ ತೆರೆ, ನೋಡೋಣ."
ಗೋಡೆಗೆ ಕಾಲು ಕೊಟ್ಟು ಜಗ್ಗಿದೆ. ಕೂದಲೆಳೆಯಷ್ಟೂ ಅಲುಗಲಿಲ್ಲ.
"ಸರ್ಕಸ್ಸಿನ ಮೂರು ಆನೆ ಅದಕ್ಕೆ ಒರಗಿವೆ.
ಹುಟ್ಟಿದಾಗಿನಿಂದ ನಿನ್ನ ಮೈಗೂ ಒರಗಿಯೇ ಇವೆ ಬಿಡು,
ನೀನು ಒಳಗಿನಿಂದ ಅಷ್ಟೇ ಒರಗಿದ್ದೀಯ, ಗೊತ್ತಾಗಿಲ್ಲ."

ಚಹಾ ಹೊತ್ತಿಗೆ ಗಾಜಿನ ಬುರುಡೆಯ ಕೆಳಗೆ
ಒಂದು ಲೋಟ ನಲ್ಲಿನೀರು ಇಟ್ಟ.
ಬೆಂಕಿಯಿಲ್ಲ, ಬತ್ತಿಯಿಲ್ಲ, ನೀರು ಕೊತಕೊತ ಕುದಿಯಿತು.
ಕುದಿಯುತ್ತಾ ತಣ್ಣಗಾಗಿ, ಕುದಿಯುತ್ತಲೇ
ಹೆಪ್ಪುಗಟ್ಟಿ ಬಿಳಿಯ ಬಿಲ್ಲೆಯಾಯಿತು.
ನನ್ನಮ್ಮ ನೋಡಿದ್ದರೆ ಎದೆಗೆ ಶಿಲುಬೆ ಗೀರಿಕೊಳ್ಳುತ್ತಿದ್ದಳು.
"ನೀರು ನೀರಾಗಿರಬೇಕಾದರೂ ತಲೆಮೇಲೆ ಭಾರ ಬೇಕು.
ಆರು ಮಿಲಿಬಾರಿನ ಕೆಳಗೆ
ನೀರೆಂಬ ನಡುಮನೆಯೇ ಇಲ್ಲ;
ಹಿಮ ಎದ್ದು ನೇರ ಆವಿಯಾಗಿ ಹೊರಟುಬಿಡುತ್ತದೆ.
ಶಾಯಿಗೆ ಸುದ್ದಿಯೇ ಮುಟ್ಟುವುದಿಲ್ಲ."

ಎರಡನೆಯ ರಾತ್ರಿ ಮುಳ್ಳು ಒಂಬತ್ತಕ್ಕೆ ನಿಂತುಬಿಟ್ಟಿತು.
ಗಾಳಿ ಒಳಕ್ಕೆ ಬಿಟ್ಟು, ಬಾಗಿಲು ತೆಗೆದು,
ರಬ್ಬರು ಬಳೆಯ ಸುತ್ತ ಬೆರಳಾಡಿಸಿದ, ಕುರುಡ ಓದಿದಂತೆ.
ಒಂದು ಕೂದಲು.
ಕೆಂಚು. ನನ್ನದೇ.
ಬೈಯಲಿಲ್ಲ. ಮರುದಿನ ಹೆಂಡತಿಯ ತಲೆವಸ್ತ್ರ ತಂದುಕೊಟ್ಟ.

ಮುಳ್ಳು ಕೆಳಗಿಳಿದ ಬೆಳಗ್ಗೆ ಕೇಳಿದೆ: ಪೂರ್ತಿ ಖಾಲಿಯಾ?
"ಎಲ್ಲಿ ಆಗುತ್ತೆ! ಉಗುರಿನಷ್ಟು ಜಾಗದಲ್ಲಿ
ಇನ್ನೂ ಕೋಟಿ ಕೋಟಿ ಕಣ ಡಿಕ್ಕಿ ಹೊಡೆಯುತ್ತಿವೆ.
ಶೂನ್ಯ ಅನ್ನುವುದು ಪಾದ್ರಿಗಳ ಮಾತು.
ನಮಗೆ, ಸಾಕಾಗುವಷ್ಟು ಖಾಲಿ."

ಹನ್ನೆರಡು ದಿನ.
ಹಿಂಬದಿಯ ತಣ್ಣನೆಯ ಸುರುಳಿಗೆ ಬೆಳ್ಳಗೆ ಅಂಟಿತ್ತು
ಇನ್ನೂರ ಹದಿನಾಲ್ಕು ಕಿಲೋ ನದಿ.
ಮೋರಿಗೆ ಸುರಿಯಬಹುದಿತ್ತು.
ಬಕೆಟ್ಟು ಬಕೆಟ್ಟಾಗಿ ಹೊತ್ತು ಸೇತುವೆಯ ಕೆಳಗೆ ಸುರಿದು ಬಂದ.

ಕವಾಟ ತಿರುಗಿಸಿದ. ಹೊರಗೆ ಕಾದಿದ್ದ ಗಾಳಿ
ಕಿರುಚಿಕೊಂಡು ಒಳಗೆ ನುಗ್ಗಿತು. ಆನೆಗಳು ಎದ್ದುಹೋದವು.
ಬಾಗಿಲು ಒಂದೇ ಬೆರಳಿಗೆ ತೆರೆಯಿತು,
ಪುಸ್ತಕಗಳು ಹಪ್ಪಳದಷ್ಟು ಹಗುರ.

ಆಗ ಅವನು ಎರಡು ಸಲ ಕೈ ತೊಳೆದುಕೊಂಡು ಬಂದು
ಸಾವಿರದ ಒಂಬೈನೂರ ಹನ್ನೊಂದರ ದೀಕ್ಷಾಸ್ನಾನದ ಪುಸ್ತಕ ಕೇಳಿದ.
ಅನೆಶ್ಕಾ, ಮಾರ್ಚ್ ಒಂಬತ್ತು. ಅವನ ಅಜ್ಜಿ.
ತಾಯಿಯ ಹೆಸರಿತ್ತು, ಸೂಲಗಿತ್ತಿಯ ಹೆಸರಿತ್ತು,
ಒಂದಕ್ಷರವೂ ಹರಿದಿರಲಿಲ್ಲ.
ತಂದೆ ಎಂಬ ಅಂಕಣದಲ್ಲಿ ಕಾಗದ ಮಾತ್ರ.

"ಹೆಸರು ಇದೆ, ದಫ್ತರದಲ್ಲಿ ಬರೆದಿದೆ ಅಂತ
ಸಾಯುವವರೆಗೂ ಹೇಳುತ್ತಿದ್ದಳು."
ಹಾಳೆಯನ್ನು ದೀಪಕ್ಕೆ ಓರೆಯಾಗಿ ಹಿಡಿದು
ಅಳಿಸಿದ ಗುರುತು ಹುಡುಕಿದ. ಕನ್ನಡಕ ಬದಲಿಸಿ ಮತ್ತೆ ಹುಡುಕಿದ.
"ಇದನ್ನು ಪಂಪು ಮಾಡಿದವನು ನನಗಿಂತ ನಿಸ್ಸೀಮ," ಅಂದು
ನಕ್ಕ; ನಗು ಅರ್ಧಕ್ಕೆ ನಿಂತಿತು.

ನಾನು ಪುಸ್ತಕ ಮುಚ್ಚಿದೆ.
ಹಾಳೆಗಳ ನಡುವಿನ ಗಾಳಿ ಮುಖಕ್ಕೆ ತಾಗಿತು:
ಕೆಸರು, ಮೇಣ, ಒಂದಿಷ್ಟು ಬಟಾಣಿ.
"ತಲೆಗೆ ಬಟ್ಟೆ ಕಟ್ಟಿಕೋ," ಅಂದ ಹಿನೆಕ್ ಬೆನ್ನು ತಿರುಗಿಸಿ,
"ಸಾವಿನ ಪುಸ್ತಕಗಳು ಬಾಕಿ ಇವೆ."