ಬರಿಗಾಡಿ

ನೂರಡಿ ರಸ್ತೆಯ ಮೊಬೈಲಂಗಡಿಯಲ್ಲಿ
ಹುಡುಗ ನನ್ನ ಹೆಬ್ಬೆಟ್ಟು ಹಿಡಿದು ಗಾಜಿಗೊತ್ತುತ್ತಾನೆ.
ಕೆಂಪು ದೀಪ.
'ಗೆರೆ ಸವೆದೋಗವೆ ಮೇಡಂ,' ಅನ್ನುತ್ತಾನೆ
ಅಂಗಿಯ ತುದಿಯಿಂದ ಗಾಜೊರೆಸುತ್ತಾ.

ಒಂದು ಸಿಮ್ಮಿಗಾಗಿ ಸ್ಟೂಲಿನ ಮೇಲೆ ಕೂತಿದ್ದೇನೆ,
ಮೊಂಬಾಸಾದಿಂದ ಸಮುದ್ರದಡಿ ಎಳೆದ ತಂತಿಗೆ
ಹದಿನಾಲ್ಕು ಬ್ಯಾಂಕುಗಳ ಸಾಲ ಹೊಂದಿಸಿದವಳು.
ಇವನಿಗೆ ಅದನ್ನು ಹೇಳುವುದು ಹೇಗೆ. ಯಾಕೆ.

ಅಪ್ಪ ಸಕ್ಕರೆ ಕಾರ್ಖಾನೆಯ ತೂಕದ ಗುಮಾಸ್ತ.
ಅರೆಯುವ ತಿಂಗಳುಗಳಲ್ಲಿ ರಾತ್ರಿಯೂಟ ಒಯ್ಯುತ್ತಿದ್ದೆ,
ಕಾಕಂಬಿಯ ಹುಳಿ ವಾಸನೆ,
ರೈಲುಗೇಟಿನವರೆಗೂ ಗಾಡಿಗಳ ಸಾಲು.
ತುಂಬಿದ ಗಾಡಿ ಕಾಟಾ ಹತ್ತಿ ಇಳಿಯುತ್ತಿತ್ತು,
ಕಬ್ಬು ಸುರಿದು ಬಂದು ಮತ್ತೆ ಹತ್ತುತ್ತಿತ್ತು.
'ಖಾಲಿ ಗಾಡಿ ಯಾಕಪ್ಪ ತೂಗೋದು?'
ಅಪ್ಪ ಮುದ್ದೆ ಮುರಿಯುತ್ತಾ:
'ಬರಿಗಾಡಿ ತೂಗ್ದೆ ಕಬ್ಬೆಷ್ಟು ಅಂತ
ಯಾವೋನ್ ಹೇಳಾನು ಕೂಸೇ?'

ಇಷ್ಟೇ ನಾನು ಓದಿದ್ದು. ಉಳಿದದ್ದು ಸರ್ಟಿಫಿಕೇಟು.

ಲೇಗೋಸಿನಲ್ಲೊಂದು ಕಂಪನಿ ಕೊಳ್ಳಲು ಹೋದೆವು.
ತೊಂಬತ್ತು ಲಕ್ಷ ಗ್ರಾಹಕರು, ಪರದೆಯ ಮೇಲೆ ಹಸಿರು ಬೆಟ್ಟ.
ಎಷ್ಟು ನಂಬರು ಕಳೆದ ತಿಂಗಳು ಉಸಿರಾಡಿವೆ, ಕೇಳಿದೆ.
ಕೋಣೆಯಲ್ಲಿ ಎಸಿಯ ಸದ್ದು ಕೇಳತೊಡಗಿತು.
ಮೂವತ್ತೆಂಟು ಲಕ್ಷ.
ಟವರುಗಳಲ್ಲಿ ಅರವತ್ತು
ಕಾಗದದ ಹೊಲದಲ್ಲಷ್ಟೇ ನೆಟ್ಟವು.
ಬೆಲೆ ಅರ್ಧಕ್ಕಿಳಿಯಿತು, ನನ್ನ ಸಂಬಳ ಏರಿತು.

ಹೆಸರು ಸಾಕಮ್ಮ. ಐದನೆಯ ಹೆಣ್ಣಿಗೆ
ಇನ್ನು ಸಾಕು ಅಂತ ಅಜ್ಜಿ ಇಟ್ಟದ್ದು.
ಲಂಡನ್ನಿನಲ್ಲಿ ಬಾಲ ಕತ್ತರಿಸಿ ಸಾಕಾ ಆಯಿತು,
ಅರ್ಥ ಕೇಳಿದವರಿಗೆ ಯಾವುದೋ ಹೂವೆಂದೆ.
ಆ ಉದ್ದನೆ ಮೇಜಿನ ಸುತ್ತ
ಸಾಕು ಎಂದವರನ್ನು ನಾನು ಕಾಣೆ,
ನನ್ನನ್ನೂ ಸೇರಿಸಿ.

ಒಮ್ಮೆ ತೂಗಲಿಲ್ಲ.
ಜಕಾರ್ತಾ, ಡಿಸೆಂಬರ್ ಮೂವತ್ತು,
ಎರಡು ಕಂಪನಿ ಒಂದಾಗುವ ಕಾಗದ.
ಉಳಿತಾಯ ಎಂಬ ಒಂದೇ ಸಾಲಿನೊಳಗೆ
ಸಾವಿರದ ಒಂಬೈನೂರು ಜನ.
ಅವರನ್ನು ಇಳಿಸಿದ ಮೇಲೆ ಗಾಡಿ ಎಷ್ಟು ತೂಗುತ್ತದೆಂದು
ಕೇಳಲಿಲ್ಲ. ವಿಮಾನಕ್ಕೆ ಹೊತ್ತಾಗಿತ್ತು.
ಅಪ್ಪ ಆಗ ಇದ್ದ. ಫೋನಿನಲ್ಲಿ
ಊಟ ಆಯ್ತಾ ಅಂದ. ಆಯ್ತು ಅಂದೆ.

ಹುಡುಗ ಈಗ ತೋರುಬೆರಳು ಕೇಳುತ್ತಾನೆ.
ಹೊರಗೆ ಕಬ್ಬಿನ ಟ್ರ್ಯಾಕ್ಟರೊಂದು
ಬಸ್ಸಿಗೆ ದಾರಿ ಬಿಡದೆ ನಿಂತಿದೆ.
'ಹೆಸ್ರು?'
'ಸಾಕಮ್ಮ.'
ಟೈಪು ಮಾಡುತ್ತಾನೆ. ನಗುವುದಿಲ್ಲ.
ಕೆಂಪು ದೀಪ ನೋಡಿ
ನನ್ನ ಬೆರಳ ಮೇಲೆ ತನ್ನ ಬೆರಳಿಡುತ್ತಾನೆ:
'ವಸಿ ಗಟ್ಟಿಯಾಗ್ ಒತ್ತಿ ಮೇಡಂ,
ಸಾಲ್ದು ಅಂತದೆ.'