ಎರಡನೇ ಗೆಣ್ಣಿನವರೆಗೆ

ಭಾನುವಾರ ಏಳಕ್ಕೆ, ಸರಸ್ವತಿಪುರಂ ಐದನೇ ಮೇನಿನ ತಾರಸಿ.
ಫೀಸಿಲ್ಲ. ಹಳೇ ಬಕೆಟ್ಟು ತನ್ನಿ ಅಂದಿದ್ದರು.
ದೇವಾಜಮ್ಮಣ್ಣಿ ಪುಸ್ತಕ ತೆರೆಯಲಿಲ್ಲ;
ನನ್ನ ಸತ್ತ ಕರಿಬೇವನ್ನು ಬುಡಮೇಲು ಮಾಡಿ
ಬೇರು ಮೂಸಿದರು.
"ಬಾಯಾರಿ ಸತ್ತದ್ದಲ್ಲ ಇದು, ಮುಳುಗಿ ಸತ್ತದ್ದು.
ದಿನಾ ಎರಡು ಚೊಂಬು ಸುರೀತಿದ್ರಾ?"

ಮೂರು.

"ಬೆರಳಿಳಿಸಿ, ಎರಡನೇ ಗೆಣ್ಣಿನವರೆಗೆ.
ಒದ್ದೆಯಿದ್ದರೆ ಸುಮ್ಮನಿರಿ.
ಸುಮ್ಮನಿರೋದೇ ಕಷ್ಟ, ಅದಕ್ಕೇ ಈ ಕ್ಲಾಸು."

ಹದಿನಾಲ್ಕು ಜನ, ಹದಿನಾಲ್ಕು ತೋರುಬೆರಳು
ಕೆಮ್ಮಣ್ಣಿನೊಳಗೆ ಏನೋ ಕೇಳಿಸಿಕೊಳ್ಳುವಂತೆ.

ಸೋಮವಾರ ಬ್ಯಾಂಕಿನ ಕೌಂಟರಿನಲ್ಲಿ
ನೋಟೆಣಿಸುವಾಗ ಉಗುರಿನಂಚು ಕೆಂಪು.
ಮುಂದಿನ ಗಿರಾಕಿ ಅದನ್ನೇ ನೋಡಿ
"ಯಾವ ಗಿಡ ಮೇಡಂ?" ಅಂದರು.

ಸಂಜೆ, ಮುನಿಸಿಕೊಂಡ ಮಗಳ ಕೋಣೆಯ ಬಾಗಿಲು.
ನಾಲ್ಕನೇ ಪ್ರಶ್ನೆ ನಾಲಿಗೆ ತುದಿಯಲ್ಲಿತ್ತು.
ಸುರಿಯಲಿಲ್ಲ.